ರಾತ್ರಿ ಶಾಲೆಯಲ್ಲಿ ಏಕಾಗ್ರತೆ

ಎಪ್ಪತ್ತರ ದಶಕದ ಶುರುವಿನಲ್ಲಿ ನಾನು ಪರೇಲಿನ ಒಂದು ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದೆ. ಹಗಲು ಪಾಳಿ ಮುಗಿಸಿ, ಚಾಳಿನ ನನ್ನ ಕೋಣೆಗೆ ಹೋಗಿ ಮೈಮೇಲಿನ ಹತ್ತಿ ತೊಳೆದುಕೊಂಡು, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಓಡುತ್ತಿದ್ದೆ ಎನ್ನುವುದು ಬರೀ ಮಾತು, ಕಾಲೆಳೆದುಕೊಂಡು ಹೋಗುತ್ತಿದ್ದೆ. ಮೆಟ್ರಿಕ್ ಪಾಸಾದರೆ ಮಿಲ್ಲಿನ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಗಬಹುದೆಂಬ ಆಸೆ. ಯಾರನ್ನು ಪರೀಕ್ಷೆಗೆ ಕೂರಿಸಬೇಕೆಂದು ನಿರ್ಧರಿಸುವವರು ನಮ್ಮ ಕನ್ನಡದ ಮಾಸ್ತರರು. ಅವರೂ ಹಗಲೆಲ್ಲ ಫೋರ್ಟಿನ ಯಾವುದೋ ಆಫೀಸಿನಲ್ಲಿ ದುಡಿದು, ಲೋಕಲ್ ರೈಲಿನಲ್ಲಿ ನಿಂತೇ ಬಂದವರು.

ಒಂದು ಸಂಜೆ ಅವರು ಬೋರ್ಡಿನ ಮೇಲೆ ‘ಏಕಾಗ್ರತೆ’ ಎಂದು ಬರೆದರು. ನಮ್ಮ ಕಡೆ ತಿರುಗಿ, “ಏಕ ಅಂದರೆ ಒಂದು” ಎಂದರು. ಮತ್ತೆ ಬೋರ್ಡಿನ ಕಡೆ ತಿರುಗಿ ಹೇಳಿದ್ದು ನನಗೆ ತಲುಪಲಿಲ್ಲ. ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಅಷ್ಟಕ್ಕಷ್ಟೇ. ಅಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ಆಡಿಸುತ್ತಾರೆ, ನೋಡಿ ತಿಳಿದುಕೊಳ್ಳಬೇಕು. ಹೊರಗೂ ನಮಗೆ ಅದೇ ಅಭ್ಯಾಸ. ತಿಳಿಯದಿದ್ದಾಗ ಕೋಲೆಬಸವನ ಹಾಗೆ ತಲೆ ಆಡಿಸುತ್ತಿದ್ದೆವು.

“ಅಗ್ರ ಅಂದರೆ ಏನೆಂದು ಹೇಳಿದೆ ಈಗ?” ಮಾಸ್ತರರು ನನ್ನನ್ನೇ ಕೇಳಿದರು. ನಾನು ಅಭ್ಯಾಸದಂತೆ ತಲೆ ಆಡಿಸಿದೆ.

“ಅಗ್ರ ಅಂದರೆ ತುದಿ. ಮನಸ್ಸೆಲ್ಲ ಒಂದೇ ತುದಿಗೆ ಬಂದು ನಿಲ್ಲುವುದು ಏಕಾಗ್ರತೆ. ನಿಮಗೆ ಅದೇ ಇಲ್ಲ.”

ಇದಿಷ್ಟೂ ನನ್ನ ಮುಖ ನೋಡಿ ಹೇಳಿದ್ದರಿಂದ ಚೆನ್ನಾಗಿಯೇ ತಿಳಿಯಿತು. ಸಿಟ್ಟು ಬಂತು. ತರಗತಿ ಶುರುವಾದಾಗಿನಿಂದ ಅವರ ತುಟಿ ಬಿಟ್ಟು ನಾನು ಬೇರೇನೂ ನೋಡಿರಲಿಲ್ಲ.

“ಸರ್, ನೀವು ಬೋರ್ಡಿನ ಕಡೆ ತಿರುಗಿದ್ರ ನಮಗೇನೂ ಕೇಳಸಂಗಿಲ್ರಿ. ಮಗ್ಗದಾಗ ದುಡದು ಕಿವಿ ಹೋಗ್ಯಾವು” ಎಂದೆ.

ಅವರು ತಿರುಗಿ ಬೋರ್ಡು ಒರೆಸಿದರು. ಆಮೇಲೆ ನಮ್ಮ ಕಡೆ ನೋಡುತ್ತ ಸ್ವಲ್ಪ ಹೊತ್ತು ಕಾದರು. ಏಕೆ ಕಾದರೋ ತಿಳಿಯಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಮಿಲ್ಲಿನವರೂ ಅವರ ಮುಖವನ್ನೇ ನೋಡುತ್ತಿದ್ದರು.

“ತೊಂದರೆ ನಿಮ್ಮೊಬ್ಬರದೇ. ಈ ವರ್ಷ ಪರೀಕ್ಷೆ ಬೇಡ, ಮುಂದಿನ ವರ್ಷ ನೋಡೋಣ” ಎಂದರು.

ಮೆಟ್ಟಿಲಿಳಿಯುವಾಗ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಂಗಳೂರು ಕಡೆಯ ಸಹಪಾಠಿ ನನ್ನೆದುರು ಬಂದು ನಿಂತು ನಿಧಾನವಾಗಿ ಹೇಳಿದ: “ಬೋರ್ಡು ಒರೆಸ್ತಾ ಕೇಳಿದ್ರಲ್ಲ ಮಾರಾಯ, ಇನ್ಯಾರಿಗೆಲ್ಲ ಕೇಳುದಿಲ್ಲ, ಕೈ ಎತ್ತಿ ಅಂತ. ನಿಮ್ಮವರು ಒಬ್ಬರೂ ಎತ್ತಲಿಲ್ಲ.”

ಮತ್ತೆ ಮಹಡಿ ಹತ್ತಿ, ಆ ಪ್ರಶ್ನೆಯೇ ನಮಗೆ ಕೇಳಿಸಲಿಲ್ಲವೆಂದು ಹೇಳಿಬರಬಹುದಿತ್ತು. ಹಗಲೆಲ್ಲ ಮಗ್ಗದ ಮುಂದೆ ನಿಂತ ಕಾಲಲ್ಲಿ ತ್ರಾಣವಿರಲಿಲ್ಲ. ಚಾಳಿನ ದಾರಿ ಹಿಡಿದೆ.