ಪ್ಯಾರಿಸ್ಸಿನಲ್ಲಿ ಮೂರು ತಟ್ಟೆ ಅನ್ನ

ಮೈಲಿ ಎಂದರೆ ನಡೆದು ಸವೆಸುವುದು ಎಂದಷ್ಟೇ ನನಗೆ ಗೊತ್ತಿತ್ತು. ಅದನ್ನು ಕೂಡಿಡಬಹುದು, ಬೇಕಾದಾಗ ಹೆಂಡತಿಯ ಹೆಸರಿಗೆ ಬರೆಯಬಹುದು ಎಂದು ತಿಳಿದದ್ದು ಡಲ್ಲಾಸಿನ ಪಕ್ಕದ ಅರ್ವಿಂಗಿಗೆ ಬಂದ ಮೇಲೆ. ನನ್ನ ಗೆಳತಿಯ ಗಂಡ ಕನ್ಸಲ್ಟಿಂಗ್ ಕೆಲಸದವರು. ಸೋಮವಾರ ಬೆಳಗ್ಗೆ ವಿಮಾನ ಹತ್ತಿದರೆ ಗುರುವಾರ ಸಂಜೆ ಮನೆ ಸೇರುವರು. ಹೀಗೆ ಹಾರಿ ಹಾರಿ ಅವರು ಸಂಪಾದಿಸಿದ ಪುಣ್ಯವೆಲ್ಲ ವಿಮಾನ ಕಂಪನಿಯಲ್ಲಿ ಮೈಲಿಗಳಾಗಿ ಜಮೆಯಾಗಿತ್ತು. ಆ ವರ್ಷ ಫೆಬ್ರವರಿಯಲ್ಲಿ ಸೋಮವಾರವೂ ರಜೆಯಿರುವ ಲಾಂಗ್ ವೀಕೆಂಡ್ ಹತ್ತಿರ ಬಂದಾಗ ಅವರು ಹೆಂಡತಿಯನ್ನು ಕರೆದು, ಎರಡು ಟಿಕೆಟ್ ಆಗುವಷ್ಟಿದೆ, ನನಗಂತೂ ರಜೆಯಲ್ಲೂ ವಿಮಾನದ ಮುಖ ನೋಡುವ ಶಕ್ತಿಯಿಲ್ಲ, ನೀನು ಯಾರನ್ನಾದರೂ ಕರೆದುಕೊಂಡು ಪ್ಯಾರಿಸ್ಸಿಗೆ ಹೋಗಿ ಬಾ ಎಂದರಂತೆ. ಆ ಯಾರಾದರೂ ಎಂಬುದು ನಾನಾದೆ.

ಪ್ಯಾರಿಸ್ಸೇ ಏಕೆ ಎಂದರೆ, ಗೆಳತಿ ಫ್ರೆಂಚ್ ಓದಿದವಳು. ಅದೂ ಧಾರವಾಡದಲ್ಲಿ. ಅವಳ ಮಾಸ್ತರರು ಪಾಂಡಿಚೇರಿಯಲ್ಲಿ ಕಲಿತು ಬಂದವರಂತೆ. ಧೋತರ ಉಟ್ಟು, ಫ್ರೆಂಚ್ ಕ್ರಿಯಾಪದಗಳನ್ನು ಮಗ್ಗಿಯ ಹಾಗೆ ರಾಗವಾಗಿ ಹೇಳಿಸುತ್ತಿದ್ದರಂತೆ. ಇವಳು ಅದರಲ್ಲಿ ಎಂ.ಎ. ಮಾಡಿ, ಮದುವೆಯಾಗಿ, ಟೆಕ್ಸಸ್ಸಿಗೆ ಬಂದು ಹತ್ತು ವರ್ಷ ಫ್ರೆಂಚನ್ನು ಅಟ್ಟದ ಮೇಲಿನ ಪಾತ್ರೆಯ ಹಾಗೆ ಇಟ್ಟಿದ್ದಳು. ಈಗ ಗ್ರೀನ್ ಕಾರ್ಡ್ ಬಂದಿತ್ತು. ಮನೆಯ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಫ್ರೆಂಚ್ ಟೀಚರ್ ಕೆಲಸ ಬಿಟ್ಟಿದ್ದರು. ಇವಳು ಅರ್ಜಿ ಹಾಕಿದಳು, ಪ್ರಿನ್ಸಿಪಾಲರು ಮಾತಾಡಿಸಿ, ಮಾತಾಡಿಸಿದ್ದು ಇಂಗ್ಲಿಷಿನಲ್ಲಿ, ಬನ್ನಿ ಎಂದರು. ರಜೆ ಮುಗಿದ ಮಂಗಳವಾರ ಉತ್ತರ ಹೇಳಬೇಕಿತ್ತು.

ಸಂತೋಷಪಡುವುದು ಬಿಟ್ಟು ಅವಳು ಹೆದರಿ ಕೂತಳು. ಹುಟ್ಟಿದ ಮೇಲೆ ಒಬ್ಬ ಫ್ರೆಂಚರವನ ಜೊತೆಯೂ ಅವಳು ಫ್ರೆಂಚ್ ಮಾತಾಡಿರಲಿಲ್ಲ. ಆ ಶಾಲೆಗೆ ಫ್ರಾನ್ಸಿನಿಂದಲೇ ಬಂದ ಮನೆಯ ಹುಡುಗಿಯೊಬ್ಬಳು ಬರುತ್ತಾಳೆ ಎಂದು ಬೇರೆ ಯಾರೋ ಕಿವಿಗೆ ಹಾಕಿದ್ದರು.

"ನಾ ಕಲ್ತದ್ದು ಫ್ರೆಂಚ್ ಹೌದೋ ಅಲ್ಲೋ ನನಗ ಹೆಂಗ ಗೊತ್ತಾಗಬೇಕ್ರಿ?" ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಕೇಳಿದಳು. "ಮಾಸ್ತರೂ ಧಾರವಾಡದವ್ರು, ನಾವೂ ಧಾರವಾಡದವ್ರು. ನಮ್ಮ ನಮ್ಮೊಳಗ ತಿಳೀತಿತ್ತು, ಅಷ್ಟ."

ಅಲ್ಲಿಗೆ ಹೋಗಿ ಒಬ್ಬರ ಬಾಯಲ್ಲಾದರೂ ಫ್ರೆಂಚಿನಲ್ಲಿ ಉತ್ತರ ತರಿಸಬೇಕು. ಬಂದರೆ ಕೆಲಸ ಒಪ್ಪುವುದು, ಬಾರದಿದ್ದರೆ ಇಲ್ಲ. ಇದು ಅವಳ ತೀರ್ಮಾನ. ನನಗೆ ಅಲ್ಲಿಯ ಪ್ರಸಿದ್ಧ ಕಬ್ಬಿಣದ ಗೋಪುರ ನೋಡುವ ಆಸೆ, ಅವಳಿಗೆ ಪರೀಕ್ಷೆ.

ಅವಳ ಮಾತಿನ ಬಗ್ಗೆ ಒಂದು ವಿಷಯ ಹೇಳಬೇಕು. ನಾನು ಮೈಸೂರಿನವಳು, ನಾವೂ 'ರೀ' ಹಚ್ಚುತ್ತೇವೆ, ಹಿಡಿತದಲ್ಲಿ. ಅವಳದು ಹಾಗಲ್ಲ. ಹೌದ್ರಿ, ಇಲ್ರಿ, ಬರ್ರಿ, ಸಾಕ್ರಿ. ಇಂಗ್ಲಿಷಿಗೂ ಅದೇ ಮರ್ಯಾದೆ. ಅಂಗಡಿಯ ಕ್ಯಾಷಿಯರ್ ಹೆಂಗಸಿಗೆ ದಿನವೂ "ಥ್ಯಾಂಕ್ಯೂ ರೀ" ಎಂದು ಎಂದು, ಆ ಹೆಂಗಸು ಇವಳ ಹೆಸರೇ ರೀ ಎಂದು ತಿಳಿದು, ಹೋದಾಗಲೆಲ್ಲ ಹೌ ಆರ್ ಯೂ ರೀ ಎಂದು ವಿಚಾರಿಸುತ್ತಿದ್ದಳು. ಇವಳಿಗೋ ಪರಮಾನಂದ. ಎಷ್ಟು ಸಂಸ್ಕಾರವಂತರು ನೋಡ್ರಿ ಎನ್ನುತ್ತಿದ್ದಳು.

ಪರೀಕ್ಷೆ ಶುರುವಾದದ್ದು ಹ್ಯೂಸ್ಟನ್ನಿನಲ್ಲೇ. ವೀಸಾಕ್ಕೆ ಅಲ್ಲಿನ ಫ್ರೆಂಚ್ ಕಾನ್ಸುಲೇಟಿಗೇ ಹೋಗಬೇಕಿತ್ತು. ನಾನು ಡ್ರೈವ್ ಮಾಡಿದೆ, ಅವಳು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಕಿಟಕಿಯ ಹಿಂದಿದ್ದವನಿಗೆ ಅವಳು ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ ಏನೋ ಹೇಳಿದಳು. ಅವನು ಸೌಜನ್ಯದಿಂದ ಇಂಗ್ಲಿಷಿನಲ್ಲಿ ಉತ್ತರಿಸಿ ಪಾಸ್‌ಪೋರ್ಟ್ ತೆಗೆದುಕೊಂಡ. ಆಮೇಲೆ ನಮ್ಮವರ ಅಂಗಡಿಗಳೇ ತುಂಬಿದ ಹಿಲ್‌ಕ್ರಾಫ್ಟ್ ಬೀದಿಯ ಹೋಟೆಲಿನಲ್ಲಿ ಮಸಾಲೆದೋಸೆ ಮುಂದಿಟ್ಟುಕೊಂಡು ಅವಳು ಮುಖ ಬಾಡಿಸಿಕೊಂಡಳು. ಅವನಿಗೆ ತಿಳಿಯಲೇ ಇಲ್ಲ ಎಂದಳು. ತಿಳಿಯದಿದ್ದರೆ ಉತ್ತರ ಹೇಗೆ ಕೊಟ್ಟ ಎಂದು ನಾನು. ಪಾಸ್‌ಪೋರ್ಟ್ ನೋಡಿ ಕೊಟ್ಟ ಎಂದು ಅವಳು. ಪಲ್ಯವನ್ನೆಲ್ಲ ನನ್ನ ತಟ್ಟೆಗೆ ದೂಡಿ ಎದ್ದಳು. ನಾನೇನೂ ಬೇಡ ಅನ್ನಲಿಲ್ಲ.

ಶುಕ್ರವಾರ ಸಂಜೆ ಹೊರಟೆವು. ನನ್ನವರಿಗೆ ಆಗ ಆಸ್ಟಿನ್ನಿನಲ್ಲಿ ಪ್ರಾಜೆಕ್ಟ್. ಮಧ್ಯಾಹ್ನವೇ ಅಲ್ಲಿಂದ ಬಂದು ಮಕ್ಕಳನ್ನು ವಹಿಸಿಕೊಂಡರು. ಮಕ್ಕಳಿಗೆ ನಾನು ಕನ್ನಡದಲ್ಲಿ ಬುದ್ಧಿ ಹೇಳಿದೆ, ಅವು ಇಂಗ್ಲಿಷಿನಲ್ಲಿ ತಕರಾರು ಹೇಳಿದವು, ಹೀಗೆ ಎರಡೂ ಕಡೆಯವರು ಪರಸ್ಪರ ಅರ್ಥ ಮಾಡಿಕೊಂಡು ಬೀಳ್ಕೊಂಡೆವು.

ಪ್ಯಾರಿಸ್ಸಿನ ಚಳಿ ಟೆಕ್ಸಸ್ಸಿನ ಕೋಟಿಗೆ ಸೊಪ್ಪು ಹಾಕುವಂಥದ್ದಲ್ಲ. ಹಲ್ಲು ಕಟಕಟ ಎನ್ನುತ್ತ ಹೋಟೆಲ್ ಸೇರಿದೆವು. ಕೌಂಟರಿನ ಹುಡುಗನಿಗೆ ಅವಳು ಬೋಂಜೂರ್ ಎಂದು ಆರಂಭಿಸಿ ಉದ್ದದ ಒಂದು ವಾಕ್ಯ ಹೇಳಿದಳು. ಅವನು ನಕ್ಕು, ಇಂಗ್ಲಿಷಿನಲ್ಲಿ, ನಿಮ್ಮ ರೂಮು ಇನ್ನೂ ಸಿದ್ಧವಿಲ್ಲ ಮೇಡಂ ಎಂದ. ಮೆಟ್ರೋ ಟಿಕೆಟ್ ಕೊಡುವವಳೂ ಇಂಗ್ಲಿಷ್. ಕಾಫಿ ತಂದವನೂ ಇಂಗ್ಲಿಷ್. ಪೋಸ್ಟ್‌ಕಾರ್ಡ್ ಮಾರುವವನಂತೂ ನಾವು ಬಾಯಿ ತೆರೆಯುವ ಮೊದಲೇ ನಮಸ್ತೇ ಎಂದುಬಿಟ್ಟ. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ.

ಆ ಶನಿವಾರ ನಾನು ನದಿ ನೋಡಿದೆ, ಸೇತುವೆಗಳನ್ನು ನೋಡಿದೆ, ಒಂದು ಅಂಗಡಿಯ ಗಾಜಿನೊಳಗೆ ಹೂವಿನ ದಂಡೆಯಂತೆ ಜೋಡಿಸಿಟ್ಟ ಕೇಕುಗಳನ್ನು ಬಹಳ ಹೊತ್ತು ನೋಡಿದೆ. ಅವಳು ನೋಡಿದ್ದು ಜನರ ಬಾಯಿ ಮಾತ್ರ. ಪಾಪ, ದಾರಿ ಗೊತ್ತಿದ್ದರೂ ದಾರಿ ಕೇಳಿದಳು, ಕೈಗಡಿಯಾರ ಕಟ್ಟಿಕೊಂಡೇ ಟೈಮು ಕೇಳಿದಳು. ಎಲ್ಲರೂ ಒಳ್ಳೆಯವರು, ಎಲ್ಲರೂ ಇಂಗ್ಲಿಷಿನವರು. ಸಂಜೆ ಸೇತುವೆಯ ಮೇಲೆ ನಿಂತು ಅವಳು, ಮಂಗಳವಾರ ಶಾಲೆಗೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದಳು. ಇನ್ನೂ ಒಂದು ದಿನ ಇದೆಯಲ್ಲ ಎಂದು ನಾನು ಸಮಾಧಾನ ಮಾಡಿದೆ. ನಮ್ಮಜ್ಜಿ ಹಟ ಮಾಡುವ ಮಕ್ಕಳಿಗೆ, ಹೊಟ್ಟೆ ತುಂಬಿದ ಮೇಲೆ ಅಳುವಿಯಂತೆ, ಈಗ ಉಣ್ಣು ಬಾ ಎನ್ನುತ್ತಿದ್ದರು. ನನಗೆ ಗೊತ್ತಿದ್ದ ಉಪಾಯವೂ ಅದೊಂದೇ. ಆದರೆ ಉಣ್ಣಿಸುವುದೇನು? ನಾವಿಬ್ಬರೂ ಸಸ್ಯಾಹಾರಿಗಳು. ಬ್ರೆಡ್ಡು, ಚೀಸು, ಮತ್ತೆ ಬ್ರೆಡ್ಡು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬ್ರೆಡ್ಡಿನ ವಾಸನೆ ಬಂದರೇ ಮುಖ ತಿರುಗಿಸುವ ಹಾಗಾಗಿತ್ತು. ನದಿಯಿಂದ ದೂರ, ಪ್ರವಾಸಿಗಳು ಬಾರದ ಒಂದು ಸಂದಿಯಲ್ಲಿ ಸಣ್ಣ ಊಟದ ಮನೆ ಕಂಡಿತು. ನಾಲ್ಕೇ ಮೇಜು. ಒಳಗೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಕೂದಲನ್ನು ಎತ್ತಿ ಗಂಟು ಹಾಕಿದ್ದಳು, ಹುಬ್ಬು ಗಂಟಿಕ್ಕಿತ್ತು. ಏನು ಬೇಕು ಎನ್ನುವಂತೆ ಗದ್ದ ಎತ್ತಿದಳು.

ಅದುವರೆಗೆ ಗೆಳತಿ ಹುಡುಗ ಹುಡುಗಿಯರ ಜೊತೆ ಮಾತಾಡಿದ್ದಳು, ಬಾಯಿಪಾಠ ಮಾಡಿದ ವಾಕ್ಯಗಳನ್ನು ಒಪ್ಪಿಸಿದ್ದಳು. ಈಗ ಎದುರಿಗಿದ್ದವಳು ಅವಳ ಅತ್ತೆಯ ವಯಸ್ಸಿನವಳು. ಹಿರಿಯರ ಮುಂದೆ ನಿಂತಾಗ ಧಾರವಾಡದ ಹೆಣ್ಣುಮಗಳ ಬಾಯಿಗೆ ಏನು ಬರಬೇಕೋ ಅದು ಬಂತು. ಹಸಿವು ಬೇರೆ. ನಮಸ್ಕಾರ ಅಮ್ಮ, ಮಾಂಸ ಹಾಕದ್ದು, ದಯವಿಟ್ಟು ಎಂದು ಹೇಳಲು ಹೋಗಿ ಅವಳು ಹೇಳಿದ್ದು ಹೀಗೆ:

"ಬೋಂಜೂರ್ ಮದಾಮ್ ರೀ. ಸಾಂ ವಿಯಾಂದ್ ರೀ. ಸಿಲ್ ವೂ ಪ್ಲೇ ರೀ."

ಮುದುಕಿ ತಲೆಯಾಡಿಸಿ ಒಳಗೆ ಹೋದಳು. ಏನೂ ಹೇಳಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ, ಫ್ರೆಂಚಿನಲ್ಲೂ ಇಲ್ಲ. ಗೆಳತಿ ಕುರ್ಚಿಯಲ್ಲಿ ಕುಸಿದು, ಈಗಂತೂ ಮುಗಿಯಿತು ಎಂಬಂತೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನಗೆ ಬಲು ಪರಿಚಯದ ವಾಸನೆ ಬಂತು. ಆಮೇಲೆ ಮುದುಕಿಯೇ ಬಂದಳು. ಒಂದು ತಟ್ಟೆ ನನ್ನ ಮುಂದೆ, ಒಂದು ಗೆಳತಿಯ ಮುಂದೆ, ಮೂರನೆಯದು ಮೇಜಿನ ನಡುವೆ. ಮೂರರಲ್ಲೂ ಹಬೆಯಾಡುವ ಬಿಳಿ ಅನ್ನ.

ನಾನು ದೇವರೇ ಬಂದನೆಂದುಕೊಂಡೆ. ಚೀಲದಿಂದ ಗೆಳತಿಯ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಆಗಲೇ ಕಲಸತೊಡಗಿದೆ. ಗೆಳತಿಗೆ ಮಾತ್ರ ಲೆಕ್ಕ ತಿಳಿಯಲಿಲ್ಲ. ಇರುವವರು ಇಬ್ಬರು, ತಟ್ಟೆ ಮೂರು ಏಕೆ? ಅದನ್ನೇ ಮುದುಕಿಗೆ ಕೇಳಿದಳು, ಯೋಚಿಸದೆ, ಬಾಯಿಗೆ ಬಂದ ಫ್ರೆಂಚಿನಲ್ಲಿ. ಮುದುಕಿ ಸೊಂಟದ ಮೇಲೆ ಕೈಯಿಟ್ಟು, ಮೂರು ಬೆರಳೆತ್ತಿ, ಗುಡುಗುಡು ಎಂದು ಏನೋ ಹೇಳಿದಳು. ಗೆಳತಿಯ ಕೈಯ ಚಮಚ ಅಲ್ಲೇ ನಿಂತಿತು. ಮೊದಲು ಅವಳ ಕಿವಿ ಕೆಂಪಾಯಿತು. ಆಮೇಲೆ ನಗು ಶುರುವಾಯಿತು ನೋಡಿ, ಮೇಜು ಅಲ್ಲಾಡುವಷ್ಟು.

"ಏನಂತೆ ಕಣ್ರೀ, ನನಗೂ ಹೇಳಿ" ಎಂದೆ.

"ಇವ್ರ ಭಾಷಾದಾಗ ರೀ ಅಂದ್ರ ಅನ್ನ್ರೀ" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾ ಮೂರು ಸಲ ಅನ್ನ ಅನ್ನ ಅನ್ನ ಅಂದೆನಂತ. ಮೂರು ತಂದಾರ."

ಅಷ್ಟರಲ್ಲಿ ಮುದುಕಿ ಮತ್ತೆ ಏನೋ ಹೇಳಿದಳು, ಈ ಸಲ ಬೆರಳು ಆಡಿಸುತ್ತ, ಶಾಲೆಯ ಟೀಚರಿನ ಹಾಗೆ. ಗೆಳತಿ ನಗು ನಿಲ್ಲಿಸಿ, ಅವಳು ಹೇಳಿಕೊಟ್ಟದ್ದನ್ನು ತಿರುಗಿ ಹೇಳಿದಳು. ಮುದುಕಿ ಅಲ್ಲ ಎಂಬಂತೆ ತಲೆಯಾಡಿಸಿದಳು. ಇವಳು ಮತ್ತೊಮ್ಮೆ ಹೇಳಿದಳು. ಈಗ ಸರಿ ಎಂದು ಮುದುಕಿಗೆ ತೃಪ್ತಿಯಾಯಿತು.

ಬೈತಾ ಇದ್ದಾಳಾ ಎಂದು ನಾನು ಮೆಲ್ಲಗೆ ಕೇಳಿದೆ.

"ತಿದ್ದಲಿಕ್ಕೆ ಹತ್ಯಾರ್ರಿ. ಇವ್ರ ವ್ಯಾಕರಣದಾಗ ಅನ್ನ ಗಂಡಂತ. ನಾ ಹೆಣ್ಣು ಮಾಡಿದ್ದೆ." ಅವಳ ಮುಖ ನೋಡಬೇಕಿತ್ತು, ಬೈಸಿಕೊಂಡವಳ ಮುಖವಲ್ಲ, ಬಹುಮಾನ ಬಂದವಳದು. "ತಿಳೀದಿದ್ರ ತಿದ್ತಿದ್ರೇನ್ರಿ?"

ಮುದುಕಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು, ಬೇಕಾಗಿಯೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಮೂರನೆಯ ತಟ್ಟೆಯ ಮುಂದೆ ತಾನೇ ಕೂತಳು. ನಾನು ಕಲಸುತ್ತಿದ್ದ ಪುಡಿಯನ್ನು ಬೆರಳಿನಿಂದ ತೋರಿಸಿ ಕೇಳಿದಳು. ಶೇಂಗಾಕ್ಕೆ ಫ್ರೆಂಚಿನಲ್ಲಿ ಏನೆನ್ನುತ್ತಾರೆ ಎಂಬುದು ಗೆಳತಿಗೆ ಮರೆತುಹೋಗಿತ್ತು. ಅವಳು ನೆಲದೊಳಗೆ ಬೆಳೆಯುತ್ತದೆ ಎಂದು ಕೈ ಕೆಳಗೆ ಮಾಡಿದಳು, ಸಿಪ್ಪೆ ಒಡೆಯುವುದನ್ನು ಅಭಿನಯಿಸಿದಳು. ಮುದುಕಿ ಆಲೂಗಡ್ಡೆ ಎಂದಳಂತೆ, ಇವಳು ಅಲ್ಲ ಎಂದಳು. ಬೆಳ್ಳುಳ್ಳಿ ಎಂದಳಂತೆ, ಅದೂ ಅದರಲ್ಲಿದೆ, ಆದರೆ ಅಲ್ಲ ಎಂದಳು. ಕೊನೆಗೆ ಮುದುಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಖಾರಕ್ಕೆ ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ಆ ಪದವನ್ನು ಕೂಗಿ ಹೇಳಿದಳು. ಇಬ್ಬರೂ ಗೆದ್ದವರ ಹಾಗೆ ಕೈ ಕುಲುಕಿದರು. ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ. ಮುದುಕಿಯ ಮೊಣಕಾಲು ನೋವು, ಸೊಸೆಯ ಅಡುಗೆ, ಅಕ್ಕಿಯ ಬೆಲೆ, ಎಲ್ಲ ಬಂತಂತೆ. ನನಗೆ ಒಂದೂ ತಿಳಿಯದಿದ್ದರೂ ಸೊಸೆಯ ವಿಷಯ ಯಾವಾಗ ಬಂತೆಂಬುದು ಮಾತ್ರ ಮುದುಕಿಯ ಮೂಗು ನೋಡಿಯೇ ಗೊತ್ತಾಯಿತು.

ಏಳುವ ಹೊತ್ತಿಗೆ ಗೆಳತಿ ತನ್ನ ಫ್ರೆಂಚ್ ಹೇಗಿದೆ ಎಂದು ನೇರವಾಗಿಯೇ ಕೇಳಿದಳು. ಮುದುಕಿ ಸ್ವಲ್ಪ ಯೋಚಿಸಿ ಹೇಳಿದ್ದನ್ನು ಬೀದಿಗೆ ಬಂದ ಮೇಲೆ ನನಗೆ ಕನ್ನಡಿಸಿದಳು. ಪದಗಳು ಹಳೆಯವು, ಮುದುಕಿಯ ಅಜ್ಜಿ ಹಾಗೆ ಮಾತಾಡುತ್ತಿದ್ದಳಂತೆ. ತಪ್ಪು ಬಹಳ, ಆದರೆ ಎಲ್ಲ ತಿಳಿಯಿತು. ಜೊತೆಗೆ, ಊಟ ಕೇಳುವಾಗ ಇನ್ನು ಮೇಲೆ ತಟ್ಟೆ ಎಣಿಸಿ ಕೇಳು ಎಂದೂ ಹೇಳಿದಳಂತೆ.

ಬೀದಿಯ ಮೂಲೆಯಲ್ಲಿ ಫೋನ್ ಬೂತಿತ್ತು. ಗೆಳತಿ ಅದರ ಮುಂದೆ ನಿಂತುಬಿಟ್ಟಳು. ಡಲ್ಲಾಸಿನಲ್ಲಿ ಈಗ ಭಾನುವಾರ ಬೆಳಗ್ಗೆ, ಶಾಲೆಯಲ್ಲಿ ಯಾರಿರುತ್ತಾರೆ, ಮಂಗಳವಾರ ಹೇಳಿದರಾಯಿತಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಯಾರೂ ಇರದಿದ್ರ ಛಲೋನ ಆತು, ಆನ್ಸರಿಂಗ್ ಮಷೀನಿಗೆ ಹೇಳ್ತೀನಿ" ಎಂದಳು. "ಮನಿ ಮುಟ್ಟಿದ ಮ್ಯಾಲೆ ಮತ್ತ ಅಂಜಿಕಿ ಬರ್ತದ್ರಿ. ಈಗ ಇಲ್ಲ."

ಫೋನ್ ಕಾರ್ಡ್ ನನ್ನದು. ಅವಳು ಒಳಗೆ ಹೋಗಿ ನಂಬರು ಒತ್ತಿದಳು. ಚಳಿಗೆ ಗಾಜಿನ ಮೇಲೆಲ್ಲ ಅವಳ ಉಸಿರು ಕೂತಿತು. ಮೊದಲ ಸಲ ಪ್ರಿನ್ಸಿಪಾಲರ ಆರೋಗ್ಯ ವಿಚಾರಿಸಿ, ಪ್ಯಾರಿಸ್ಸಿನ ಹವೆ ವರ್ಣಿಸಿ, ವಿಷಯಕ್ಕೆ ಬರುವಷ್ಟರಲ್ಲಿ ಮಷೀನು ಕಟ್ ಮಾಡಿತು. ನಾನು ಹೊರಗಿನಿಂದ ಗಾಜು ತಟ್ಟಿ, ಮೊದಲು ಒಪ್ಪಿಗೆ ಹೇಳಿ, ಕುಶಲ ಆಮೇಲೆ ಎಂದು ಸನ್ನೆ ಮಾಡಿದೆ. ಎರಡನೆಯ ಸಲ ಅವಳು ಹೆಸರು ಹೇಳಿ, ಕೆಲಸ ಒಪ್ಪಿದ್ದೇನೆ, ಬರುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟಳು. ಹೊರಗೆ ಬಂದು ಮಫ್ಲರು ಸುತ್ತಿಕೊಂಡು, ನಡೀರಿ, ಈಗ ನಿಮ್ಮ ಗೋಪುರ ನೋಡೂಣು ಎಂದಳು.

ಮೆಟ್ರೋ ಹಿಡಿದು ಇಳಿದು ಮೇಲೆ ಬಂದರೆ ಎದುರಿಗೇ ಗೋಪುರ. ಮನೆಗಳ ಮೇಲೆ ಅರ್ಧ ಆಕಾಶ ತುಂಬಿ ನಿಂತಿತ್ತು, ಕುರುಡರಿಗೂ ಕಾಣುವಂತಿತ್ತು. ಗೆಳತಿ ಅದರ ಕಡೆಗೆ ಒಮ್ಮೆ ನೋಡಿ, ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರನ್ನು ನಿಲ್ಲಿಸಿ, ಗೋಪುರಕ್ಕೆ ಯಾವ ಕಡೆ ಹೋಗಬೇಕು ಎಂದು ಫ್ರೆಂಚಿನಲ್ಲಿ ಕೇಳಿದಳು. ಅವರು ಅವಳನ್ನು ನೋಡಿದರು, ಗೋಪುರವನ್ನು ನೋಡಿದರು, ನನ್ನನ್ನೂ ಒಮ್ಮೆ ಕನಿಕರದಿಂದ ನೋಡಿದರು. ಆಮೇಲೆ ನಾಯಿಯ ಹಗ್ಗವನ್ನು ಎಡಗೈಗೆ ಬದಲಾಯಿಸಿ, ಬಲಗೈ ಚಾಚಿ, ಮೊದಲು ನೇರ, ಆಮೇಲೆ ಎಡಕ್ಕೆ ಎಂಬಂತೆ ಫ್ರೆಂಚಿನಲ್ಲಿ ನಿಧಾನವಾಗಿ ದಾರಿ ಹೇಳತೊಡಗಿದರು. ಅವಳು ನಡುವೆ ಎರಡು ಸಲ ಪ್ರಶ್ನೆ ಕೇಳಿ ಪೂರ್ತಿ ಕೇಳಿಸಿಕೊಂಡಳು. ನಾನು ಪಕ್ಕದಲ್ಲಿ ನಿಂತು ಚಳಿಗೆ ಕೈ ಉಜ್ಜಿಕೊಳ್ಳುತ್ತ ಗೋಪುರ ನೋಡುತ್ತಿದ್ದೆ.