ಎಣ್ಣೆಯಲ್ಲ, ಆಯಿಲ್

ಅವತ್ತು ಶನಿವಾರ. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಅತ್ತೆಯವರಿಗೆ ಬಿಪಿ ಮಾತ್ರೆ ಕೊಟ್ಟು, ಚಿತ್ರಾನ್ನಕ್ಕೆ ಒಗ್ಗರಣೆ ಇಡುವಷ್ಟರಲ್ಲಿ ಏಳೂಕಾಲಾಗಿತ್ತು. ಕಳೆದ ವರ್ಷದ ಜೂನ್ ತಿಂಗಳ ಮಾತು. ಶಿಕಾರಿಪುರದ ನಮ್ಮ ಮನೆಯಲ್ಲಿ ಗೃಹಿಣಿಯಾಗಿ ನನ್ನ ಇಪ್ಪತ್ತಾರನೆಯ ವರ್ಷ ಅದು. ಫಾರ್ಮುಗಳಲ್ಲಿ ಉದ್ಯೋಗ ಎಂಬ ಜಾಗದಲ್ಲಿ ಹಾಗೆಯೇ ಬರೆಯುತ್ತೇನೆ, ಅಡ್ಡಗೆರೆ ಎಳೆಯುವುದಿಲ್ಲ.

ಈ ಹುದ್ದೆಗೆ ಕಾರು ಸೇರಿದ್ದು ತಡವಾಗಿ. ಯಜಮಾನರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ. ಅಲ್ಲಿಂದ ಏಳಲು ಅವರಿಗೆ ಪುರುಸೊತ್ತಿಲ್ಲ. ಹಾಗಾಗಿ ನಲವತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಆಸ್ಪತ್ರೆ, ಮದುವೆ, ತೊಗರ್ಸಿ ದೇವಸ್ಥಾನ, ಎಲ್ಲಕ್ಕೂ ನಾನೇ. ಓಡಿಸುವುದು ನನ್ನ ಪಾಲು, ಕಾರಿನ ತೀರ್ಮಾನಗಳು ಅವರ ಪಾಲು.

ಒಗ್ಗರಣೆ ಸಿಡಿಯುವಾಗ ಫೋನ್ ಸದ್ದು ಮಾಡಿತು. ‘ಪ್ರಿಯ ಗ್ರಾಹಕರೇ, ನಿಮ್ಮ ವಾಹನದ ಸರ್ವಿಸ್ ಅವಧಿ ಮೀರಿದೆ.’ ಆ ತಿಂಗಳಲ್ಲಿ ಅದು ಐದನೆಯದು. ಇದಲ್ಲದೆ ಒಬ್ಬ ಹುಡುಗಿ ಫೋನ್ ಮಾಡಿ ಬಹಳ ಮರ್ಯಾದೆಯಿಂದ ಅದನ್ನೇ ಹೇಳುತ್ತಿದ್ದಳು. ಕಾರಿನ ಮೀಟರ್ ಪಕ್ಕದಲ್ಲಿ ಸ್ಪ್ಯಾನರ್ ಆಕಾರದ ಹಳದಿ ದೀಪವೂ ಆಗಾಗ ಹತ್ತುತ್ತಿತ್ತು. ವಿಚಿತ್ರವೆಂದರೆ ನಾಲ್ಕು ದಿನ ಉರಿದು ತಾನಾಗಿಯೇ ಹೋಗುತ್ತಿತ್ತು. ಕೇಳಿದರೆ ಯಜಮಾನರದು ಒಂದೇ ಉತ್ತರ, “ಆಯಿಲ್ ಹಾಕ್ಸೀನಲ್ಲ. ಅವರಿಗೆ ವ್ಯಾಪಾರ ಬೇಕು, ಕರೀತಾರ.”

ಆದರೆ ನಾನು ಬೇರೆ ಏನನ್ನೋ ನೋಡಿದ್ದೆ. ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡಲು ಬಾನೆಟ್ ಒಳಗೆ ಡಿಪ್‌ಸ್ಟಿಕ್ ಎಂಬ ತೆಳ್ಳಗಿನ ಲೋಹದ ಕಡ್ಡಿ ಇರುತ್ತದೆ. ಅದರ ಮೇಲೆ ಎರಡು ಗುರುತು. ಆಯಿಲ್ ಅವೆರಡರ ನಡುವೆ ಇರಬೇಕು. ಕಾರಿನ ಜೊತೆ ಬಂದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಮನೆಯಲ್ಲಿ ನಾನೊಬ್ಬಳೇ. ಕಾನ್ವೆಂಟಿನ ಸಿಸ್ಟರ್‌ಗಳು ಹಾಕಿಕೊಟ್ಟ ಅಭ್ಯಾಸ. ಎರಡು ವಾರಕ್ಕೊಮ್ಮೆ ಹಳೇ ಬನಿಯನ್ನಿನ ತುಂಡಿನಲ್ಲಿ ಕಡ್ಡಿ ಒರೆಸಿ ಅದ್ದಿ ನೋಡುತ್ತಿದ್ದೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಒಂದು ಬೆರಳು ಕೆಳಗೆ. ಕಾರು ನಿಲ್ಲಿಸುವ ಜಾಗದಲ್ಲಿ ದಿನಾ ಕಸ ಗುಡಿಸುವವಳು ನಾನು. ನೆಲದ ಮೇಲೆ ಒಂದು ಹನಿ ಬಿದ್ದಿಲ್ಲ. ಆದರೆ ಕಾರಿನ ಹೊಗೆ ಕೊಳವೆಯ ಹಿಂದೆ ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆಯ ಅಂಚಿನಲ್ಲಿ ಮಸಿಯ ಚುಕ್ಕೆಗಳು. ಆಯಿಲ್ ಸೋರುತ್ತಿಲ್ಲ, ಒಳಗೇ ಉರಿಯುತ್ತಿದೆ ಎಂದು ನನಗೆ ಅನುಮಾನ. ಹೇಳಿದೆ. “ಪಂಚೆ ನೋಡಿ ಎಂಜಿನ್ ಹೇಳ್ತೀಯಾ?” ಎಂದು ನಕ್ಕರು.

ಆ ಶನಿವಾರ ಮುಖ್ಯವಾದದ್ದು ಮಗಳ ಕಾರಣಕ್ಕೆ. ನಮ್ಮ ಸ್ಮಿತಾ ಬಿ.ಎಡ್ ಮುಗಿಸಿ ಒಂದು ವರ್ಷವಾಗಿತ್ತು. ಎರಡು ಶಾಲೆಗಳಲ್ಲಿ ‘ತಿಳಿಸ್ತೀವಿ’ ಎಂದವರು ತಿಳಿಸಿರಲಿಲ್ಲ. ಸೊರಬದ ಒಂದು ಶಾಲೆಯಲ್ಲಿ ಗಣಿತದ ಹುದ್ದೆಗೆ ಹತ್ತೂವರೆಗೆ ಡೆಮೊ ಕ್ಲಾಸ್, ಅಂದರೆ ಏಳನೆಯ ತರಗತಿಯ ಮಕ್ಕಳಿಗೆ ನಿಜವಾಗಿ ಪಾಠ ಮಾಡಿ ತೋರಿಸಬೇಕು. ವಾರವೆಲ್ಲ ಕನ್ನಡಿ ಮುಂದೆ ಭಿನ್ನರಾಶಿ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು.

ನಮ್ಮೂರಿಂದ ಸೊರಬಕ್ಕೆ ನಲವತ್ತು ಕಿಲೋಮೀಟರ್ ಆಸುಪಾಸು. ಶುಕ್ರವಾರ ಬೆಳಿಗ್ಗೆಯೇ ಕಡ್ಡಿ ನೋಡಿದ್ದೆ. ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗೆ. ಮನೆಯಲ್ಲಿದ್ದ ಆಯಿಲ್ ಡಬ್ಬಿ ಖಾಲಿ. ಅಂಗಡಿಗೆ ಫೋನ್ ಮಾಡಿದೆ. ಇಲ್ಲಿಯೇ ತಪ್ಪಾದದ್ದು. ಮಾತಿಗೆ ಇಂಗ್ಲಿಷ್ ಬೆರೆಸುತ್ತೇನೆಂದು ಮದುವೆಯಾದಾಗಿನಿಂದ ಈ ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಹಾಗಾಗಿ ಆದಷ್ಟು ಕನ್ನಡದಲ್ಲೇ ಹೇಳುವ ರೂಢಿ ಮಾಡಿಕೊಂಡಿದ್ದೇನೆ. “ಎಣ್ಣೆ ಖಾಲಿಯಾಗಿದೆ ರೀ. ನಾಳೆ ಶನಿವಾರ, ಇವತ್ತೇ ತಂದುಬಿಡಿ” ಎಂದೆ. ಶನಿವಾರ ಎಣ್ಣೆ ಮನೆಗೆ ತರುವುದು ನಮ್ಮಲ್ಲಿ ನಿಷಿದ್ಧ. ಅವರು ಹೂಂ ಅಂದರು. ರಾತ್ರಿ ಮನೆಗೆ ಬರುವಾಗ ಮರೆಯದೆ ತಂದರು, ಎರಡು ಲೀಟರ್ ಸೂರ್ಯಕಾಂತಿ ಎಣ್ಣೆ.

“ಆಯಿಲ್ ಅನ್ನಬೇಕಿತ್ತಪ್ಪ. ಎಣ್ಣೆ ಅಂದ್ರೆ ಒಗ್ಗರಣೀದು ಅಂತ ಯಾರಿಗೂ ಗೊತ್ತಾಗ್ತದ” ಎಂದರು. ಅಷ್ಟು ಹೊತ್ತಿಗೆ ಅಂಗಡಿಗಳು ಮುಚ್ಚಿದ್ದವು.

ಶನಿವಾರ ಎಂಟೂವರೆಗೆ ಹೊರಟೆವು. ಬಂಕಿನಲ್ಲಿ ಒಂದು ಡಬ್ಬಿ ಹಾಕಿಸಿಕೊಂಡು ಹೋಗುತ್ತೇನೆ ಎಂದದ್ದು ಅತ್ತೆಯವರ ಕಿವಿಗೆ ಬಿತ್ತು. “ಹುಡುಗಿ ಕೆಲಸಕ್ಕೆ ಹೊಂಟಾಳ, ಇವತ್ತೇ ಎಣ್ಣಿ ತರ್ತೀಯೇನವ್ವ?”

“ಅದು ಎಣ್ಣೆ ಅಲ್ಲ ಅತ್ತೆ, ಆಯಿಲ್.”

“ಕನ್ನಡದಾಗ ಏನಂತಾರ ಅದಕ್ಕ?”

“ಮನೆಗೆ ತರಲ್ಲ, ದಾರಿಯಲ್ಲೇ ಗಾಡಿಗೆ ಹಾಕಿಸ್ತೀನಿ” ಎಂದೆ.

“ಗಾಡಿ ಹೊಳ್ಳಿ ಮನಿಗೆ ಬರೂದಿಲ್ಲೇನು?”

ಯಜಮಾನರು ಪೇಪರ್ ಮಡಿಸುತ್ತಾ, “ನಲವತ್ತು ಕಿಲೋಮೀಟರಿಗೆ ಏನಾಗ್ತದ? ನಾಳೆ ಹಾಕ್ಸೋಣ ಬಿಡು” ಎಂದರು. ಸ್ಮಿತಾ ಗಡಿಯಾರ ನೋಡುತ್ತಿದ್ದಳು. ಅವಳು ಹೊರಡುವ ಹೊತ್ತಿನಲ್ಲಿ ಮನೆಯಲ್ಲಿ ಮುಖ ಗಂಟಾಗುವುದು ಬೇಡವೆಂದು ಸುಮ್ಮನಾದೆ. ಶಿರಾಳಕೊಪ್ಪದಲ್ಲಿ ಎರಡು ಅಂಗಡಿಗಳ ಮುಂದೆ ಆಯಿಲ್ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ನೋಡಿದೆ, ನಿಲ್ಲಿಸಲಿಲ್ಲ. ಉಳಿದವರ ತಪ್ಪುಗಳನ್ನು ಇಷ್ಟು ಉದ್ದಕ್ಕೆ ಬರೆದ ಮೇಲೆ ನನ್ನದನ್ನೂ ಬರೆಯಬೇಕು.

ಶಿರಾಳಕೊಪ್ಪ ದಾಟಿ ಸ್ವಲ್ಪ ದೂರದಲ್ಲಿ, ಒಂದು ತಿರುವಿನಲ್ಲಿ ಮೀಟರಿನ ಮೇಲೆ ಕೆಂಪು ದೀಪ ಮಿನುಗಿತು. ಗಿಂಡಿಯ ಚಿತ್ರ, ಅದರ ಬಾಯಿಂದ ಒಂದು ಹನಿ. ಹಳದಿ ಸ್ಪ್ಯಾನರ್ ಎಂದರೆ ಸರ್ವಿಸ್ ಮಾಡಿಸಿ ಎಂದು. ಕೆಂಪು ಗಿಂಡಿ ಎಂದರೆ ಎಂಜಿನ್ನಿನ ಭಾಗಗಳಿಗೆ ಆಯಿಲ್ ತಲುಪುತ್ತಿಲ್ಲ, ಈಗಲೇ ನಿಲ್ಲಿಸಿ ಎಂದು. ಮುಂದಿನ ತಿರುವಿನಲ್ಲಿ ಅದು ಹತ್ತಿ ಹಾಗೇ ನಿಂತಿತು. ನಾನು ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿದೆ. ಒಂಬತ್ತೂವರೆಯಾಗಿತ್ತು.

“ಅಮ್ಮ, ಇನ್ನು ಹದಿನೈದೇ ಕಿಲೋಮೀಟರ್” ಎಂದಳು ಸ್ಮಿತಾ. ಅಂಗಡಿಗೆ ಫೋನ್ ಮಾಡಿದರೆ ಯಜಮಾನರದೂ ಅದೇ ಮಾತು, “ನಿಧಾನಕ್ಕ ಹೋಗ್ರಿ, ಏನೂ ಆಗೂದಿಲ್ಲ.”

“ಎಂಜಿನ್ ಬಿಸಿಯಾಗಿ ಹಿಡಿದುಕೊಂಡರೆ ಅವಳು ಶಾಲೆಗೂ ತಲುಪಲ್ಲ, ಕಾರೂ ಉಳಿಯಲ್ಲ. ನಾನು ಗಾಡಿ ತೆಗೆಯೋದಿಲ್ಲ” ಎಂದು ಫೋನ್ ಇಟ್ಟೆ. ಮದುವೆಯಾದ ಮೇಲೆ ಅವರು ಮಾತು ಮುಗಿಸುವ ಮೊದಲು ನಾನು ಫೋನ್ ಇಟ್ಟದ್ದು ಅದೇ ಮೊದಲು.

ಒಂದು ಬಸ್ಸು ಬಂತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಕುರಿ ತುಂಬಿದ ಗೂಡ್ಸ್ ಆಟೊ ನಾನು ಕೈ ಅಡ್ಡ ಹಾಕಿದ್ದಕ್ಕೆ ನಿಂತಿತು. ಓಡಿಸುವವನ ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ವಿಷಯ ಹೇಳಿದೆ.

“ಟೀಚರಾ? ಹತ್ತವ್ವ, ಹತ್ತು” ಎಂದು ಅವಳು ಒತ್ತರಿಸಿಕೊಂಡು ಜಾಗ ಮಾಡಿದಳು. ಸ್ಮಿತಾ ಇಸ್ತ್ರಿ ಮಾಡಿದ ಕಾಟನ್ ಸೀರೆಯ ನೆರಿಗೆ ಹಿಡಿದು, ಸುತ್ತಿದ ಚಾರ್ಟನ್ನು ಎದೆಗೊತ್ತಿಕೊಂಡು ಹತ್ತಿದಳು. ಹಿಂದಿನಿಂದ ಒಂದು ಕುರಿ ಕತ್ತು ಚಾಚಿ ಚಾರ್ಟಿನ ತುದಿಗೆ ಬಾಯಿ ಹಾಕಿತು. “ಅದಕ್ಕೂ ಲೆಕ್ಕ ಹೇಳಿಕೊಡು” ಎಂದು ಆ ಹೆಂಗಸು ಕುರಿಯ ಮೂತಿ ಸರಿಸಿದಳು. ಆಟೊ ಹೋಯಿತು.

ಆಟೊದವನು ಕೊಟ್ಟ ನಂಬರಿಗೆ ಫೋನ್ ಮಾಡಿ, ಸೊರಬದಿಂದ ಮೆಕ್ಯಾನಿಕ್ ಬೈಕಿನಲ್ಲಿ ಬರುವಾಗ ಹತ್ತೂಮುಕ್ಕಾಲು. ಐವತ್ತರ ಆಸುಪಾಸಿನ, ಮೆಲುಮಾತಿನ ಮನುಷ್ಯ. ಕಡ್ಡಿ ತೆಗೆದರು, ಒಣಗಿತ್ತು. ಮೂರೂವರೆ ಲೀಟರ್ ಹಿಡಿಯುವ ಎಂಜಿನ್ನಿಗೆ ಎರಡು ಲೀಟರ್ ಹಾಕಿದ ಮೇಲೆ ಮೇಲಿನ ಗುರುತು ಮುಟ್ಟಿತು. ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬಂತು.

“ಉರೀತಾ ಉಂಟು ಮೇಡಂ. ಪಿಸ್ಟನ್ ರಿಂಗ್ ಸವೆದಿದೆ, ಆಯಿಲ್ ಮೇಲೆ ಹತ್ತಿ ಪೆಟ್ರೋಲ್ ಜೊತೆ ಉರಿದು ಹೋಗ್ತದೆ. ನೀವು ನಿಲ್ಲಿಸಿದ್ದಕ್ಕೆ ಎಂಜಿನ್ ಉಳೀತು. ಆಯಿಲ್ ಚೇಂಜ್ ಮಾಡ್ಸಿ ಎಷ್ಟು ದಿನ ಆಯ್ತು?”

ಬಾಗಿಲಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಸರ್ವಿಸ್ 41,000 ಕಿಲೋಮೀಟರಿಗೆ ಎಂದಿತ್ತು. ಮೀಟರ್ 60,412 ತೋರಿಸುತ್ತಿತ್ತು. ಅವರು ಎರಡನ್ನೂ ನೋಡಿ ನನ್ನನ್ನು ನೋಡಿದರು. “ಸರ್ವಿಸ್ ಲೈಟ್ ಬರ್ಲಿಲ್ವಾ?”

“ಬರುತ್ತೆ. ನಾಲ್ಕು ದಿನ ಇದ್ದು ಹೋಗುತ್ತೆ.”

“ಅದು ತಾನಾಗಿ ಹೋಗೋದಲ್ಲ. ಯಾರೋ ತೆಗೀತಾ ಇದ್ದಾರೆ.”

ಮತ್ತೆ ಫೋನ್. “ಹೂಂ, ಬಂಕಿನ ಪಕ್ಕದವನು ತೆಗೀತಾನ” ಎಂದರು ಯಜಮಾನರು, ಅದರಲ್ಲೇನಿದೆ ಎಂಬಂತೆ. “ಆಯಿಲ್ ಹಾಕ್ಸಿದ ಮೇಲೆ ಲೈಟ್ ಯಾಕ? ಹಳೇದು ಕಡಿಮೆ ಆಗ್ತದ, ಹೊಸದು ಹಾಕ್ತೀವಿ. ಅಲ್ಲಿಗೆ ಬದಲಾಯ್ತಲ್ಲ.”

ಎರಡು ವರ್ಷದಿಂದ ಅವರು ‘ಆಯಿಲ್ ಹಾಕ್ಸೀನಿ’ ಎಂದಾಗಲೆಲ್ಲ ನಾನು ಹಳೆಯದನ್ನು ತೆಗೆದು ಹೊಸದು ತುಂಬಿಸಿದ್ದಾರೆ ಎಂದುಕೊಂಡಿದ್ದೆ. ಅವರು ಮೇಲಿಂದ ಅರ್ಧ ಲೀಟರ್ ಸುರಿಸಿ ಬರುತ್ತಿದ್ದರು. ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಮಾತು. “ಮೊನ್ನೆಯ ಸಾರಿಗೆ ನೀರು ಬೆರೆಸಿ ಬಡಿಸಿದರೆ ಹೊಸ ಸಾರು ಅಂತ ಊಟ ಮಾಡ್ತೀರೇನ್ರೀ?” ಎಂದೆ. ಸಾರಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು.

ಕಾರನ್ನು ನಿಧಾನವಾಗಿ ಸೊರಬದ ಗ್ಯಾರೇಜಿಗೆ ಒಯ್ದೆವು. ಎಂಜಿನ್ ಬಿಚ್ಚಬೇಕು, ಹತ್ತು ದಿನ ಎಂದರು. ಶಾಲೆಯ ಗೇಟಿನ ಬಳಿ ಸ್ಮಿತಾ ಕಾಯುತ್ತಿದ್ದಳು. ಸೀರೆಯ ಅಂಚಿಗೆ ಹಿಕ್ಕೆ ಮೆತ್ತಿತ್ತು. ಎಂಟು ನಿಮಿಷ ತಡವಾಗಿ ಹೋಗಿದ್ದಳಂತೆ. ಕುರಿ ಕಚ್ಚಿದ ಚಾರ್ಟನ್ನು ಬಿಡಿಸಿದಾಗ ಮಕ್ಕಳು ನಕ್ಕವಂತೆ. ಇವಳು ಬರೆದುಕೊಂಡಿದ್ದ ಪಾಠ ಬಿಟ್ಟು, ಕುರಿ ತಿಂದದ್ದು ಹೋಗಿ ಉಳಿದ ಕಾಗದ ಎಷ್ಟು ಭಾಗ ಎಂದು ಕೇಳಿದಳಂತೆ. ಸೋಮವಾರದಿಂದ ಬರಲು ಹೇಳಿದ್ದರು. “ಎಂಟೂಮುಕ್ಕಾಲಿಗೆ ಪ್ರೇಯರ್. ಇನ್ನೊಂದು ದಿನ ತಡ ಆದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ರು” ಎಂದಳು. ಆ ಹೊತ್ತಿಗೆ ಹೊಂದುವ ಬಸ್ಸು ಇದೆಯೋ ಇಲ್ಲವೋ ಗೊತ್ತಿರಲಿಲ್ಲ.

ಈ ಹುದ್ದೆ ನನಗೆ ತಡವಾಗಿ ಕಲಿಸಿದ್ದು ಇಷ್ಟು: ಕಂಡದ್ದನ್ನು ಹೇಳಿದರೆ ಕೆಲಸ ಮುಗಿಯುವುದಿಲ್ಲ. ಕೇಳಿದವರು ಹೂಂ ಎಂದಾಗ, ಏನೆಂದು ತಿಳಿದು ಹೂಂ ಎಂದರು ಎನ್ನುವುದನ್ನೂ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಮನೆಯ ಮಾತುಗಳಲ್ಲಿ ಅದು ಬಹಳ ಬೇಸರದ ಕೆಲಸ.

ಸಂಜೆ ಬಸ್ಸಿನಲ್ಲಿ ಮನೆ ಮುಟ್ಟಿ, ಕಾಂಪೌಂಡ್ ಬಳಿ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಗೌರಕ್ಕ ಕಾರಿಲ್ಲದ್ದನ್ನು ಕಂಡು ವಿಚಾರಿಸಿದರು. ಎಲ್ಲ ಹೇಳಿದೆ, ಕೆಂಪು ದೀಪದವರೆಗೂ. ಅವರು ಸೊಪ್ಪು ಸೋಸುತ್ತಲೇ ಕೇಳಿಸಿಕೊಂಡರು.

“ಅದಕ್ಯಾಕ ಚಿಂತಿ ಮಾಡ್ತೀರಿ? ಸೋಮವಾರ ನಮ್ಮ ಗಾಡೀಲೆ ಬಿಟ್ಟು ಬರ್ರಿ. ಆ ಕೆಂಪು ಲೈಟ್ ನಮ್ಮದ್ರಾಗೂ ಹತ್ತತಿತ್ತು. ನಮ್ಮನಿಯವರು ಅದರ ಮ್ಯಾಲೆ ದೇವರ ಸ್ಟಿಕ್ಕರ್ ಅಂಟಿಸ್ಯಾರ. ಈಗ ಏನೂ ತ್ರಾಸಿಲ್ಲ.”