ಒಂದೇ ನಂಬರಿನ ಓದುಗರು

ಸಣ್ಣಮ್ಮ ನಾಯ್ಕಳನ್ನು ಹೊನ್ನಾವರದ ವಾಚನಾಲಯಕ್ಕೆ ತೆಗೆದುಕೊಂಡದ್ದು ಕಸ ಗುಡಿಸಲು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಓದಿದ್ದು ಏಳನೆಯ ಇಯತ್ತೆ. ಕೆಲವು ವರ್ಷಗಳ ಮೇಲೆ ಗ್ರಂಥಪಾಲರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬೀಗದ ಕೈ ಅವಳ ಹತ್ತಿರ ಉಳಿಯಿತು, ಅದರ ಜತೆಗೆ ಪುಸ್ತಕಗಳೂ ಉಳಿದವು. ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ ಅದು. ದಿನವೂ ಕರ್ಕಿಯಿಂದ ಬಸ್ಸಿಗೆ ಬಂದು, ಕಡಿದಾದ ಮೆಟ್ಟಿಲುಗಳ ನಡುವೆ ಒಮ್ಮೆ ನಿಂತು ಮೊಣಕಾಲು ಒತ್ತಿಕೊಂಡು ಮತ್ತೆ ಹತ್ತುವಳು. ನಲವತ್ತು ದಾಟಿದ ಮೇಲೆ ಎರಡು ಸಲ ನಿಲ್ಲತೊಡಗಿದಳು.

ಅಲ್ಲಿಗೆ ಬರುವವರು ಪುಸ್ತಕದ ಹೆಸರು ಹೇಳಿದ್ದು ಕಡಿಮೆ. "ಹೋದ ಮಳೆಗಾಲ್ದಲ್ಲಿ ಒಯ್ದಿದ್ನಲ, ಆ ದಪ್ಪಂದು, ಅಂತದೇ ಮತ್ತೊಂದು ಕೊಡು" ಎನ್ನುವರು. "ನಮ್ಮ ತಂಗಿ ಓದಿ ಅತ್ತಿತ್ತು, ಅದೆಂತದು?" ಎಂದು ಕೇಳುವರು. "ಓದಿದ್ರೆ ನಿದ್ದೆ ಬರ್ಬೇಕು, ಅಂತದ್ದು ಇದ್ರೆ ನೋಡು." ಸಣ್ಣಮ್ಮ ಅವರ ಮುಖ ನೋಡಿ, ಹಿಂದೆ ಏನು ಒಯ್ದಿದ್ದರೆಂದು ನೆನೆದು, ಕಪಾಟಿನ ಕಡೆ ನಡೆಯುವಳು. ಹತ್ತರಲ್ಲಿ ಎಂಟು ಸಲ ಬೇಕಾದದ್ದೇ ಸಿಗುತ್ತಿತ್ತು. ಉಳಿದೆರಡು ಸಲ ಸಿಕ್ಕಿದ್ದನ್ನೇ ಬೇಕಾದದ್ದೆಂದುಕೊಂಡು ಒಯ್ಯುತ್ತಿದ್ದರು.

೨೦೦೩ರ ಮಳೆಗಾಲ ಮುಗಿಯುವ ಹೊತ್ತಿಗೆ ಕಂಪ್ಯೂಟರು ಬಂತು. ಕುಮಟಾ, ಹೊನ್ನಾವರ, ಭಟ್ಕಳದ ವಾಚನಾಲಯಗಳು ಒಂದೇ ಟ್ರಸ್ಟಿನವು. ಮೂರರ ಪುಸ್ತಕಗಳನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರು. ಶನಿವಾರದೊಳಗೆ ಹುಡುಕಿ ಗುರುತು ಹಾಕಿದರೆ, ಸೋಮವಾರ ಮಧ್ಯಾಹ್ನದ ಬಸ್ಸಿನಲ್ಲಿ ಕುಮಟಾ, ಭಟ್ಕಳದ ಪುಸ್ತಕಗಳು ಒಂದು ಕಾಕಿ ಚೀಲದಲ್ಲಿ ಬರುತ್ತಿದ್ದವು. ಮೊದಲ ಚೀಲ ಬಿಚ್ಚಿದ ದಿನ ಸಣ್ಣಮ್ಮ ಊಟಕ್ಕೆ ಏಳಲಿಲ್ಲ. ಇಷ್ಟು ವರ್ಷ ತಾನು ಇಲ್ಲ, ಇಲ್ಲ ಎಂದು ಹೇಳಿ ಕಳಿಸಿದ್ದ ಪುಸ್ತಕಗಳು ಒಂದೊಂದಾಗಿ ಮೇಜಿನ ಮೇಲೆ ಬಂದು ಕುಳಿತಿದ್ದವು.

ಆದರೆ ಹುಡುಕುವ ಪುಟಕ್ಕೆ ಮನುಷ್ಯರ ಮುಖ ತಿಳಿಯುತ್ತಿರಲಿಲ್ಲ. ಮೊದಲು ಅದು ಹನ್ನೊಂದು ಅಂಕೆಯ ಓದುಗರ ನಂಬರು ಕೇಳುತ್ತಿತ್ತು. ಒಂದು ಮನೆಗೆ ಒಂದೇ ನಂಬರು. ಕಾರ್ಡು ಮನೆಯಲ್ಲಿ, ರೇಷನ್ ಕಾರ್ಡಿನ ಜತೆ ಡಬ್ಬದಲ್ಲಿ. ನಂಬರು ಒತ್ತಿದರೆ ಆ ಮನೆಯವರು ಹಿಂದೆ ತರಿಸಿದ ಪುಸ್ತಕಗಳೆಲ್ಲ ಪರದೆಯ ಮೇಲೆ ಸಾಲಾಗಿ ಬರುತ್ತಿದ್ದವು. ಬೆನ್ನ ಹಿಂದೆ ನಿಂತವರು ಅದನ್ನು ಗಟ್ಟಿಯಾಗಿ ಓದುವರು. ಆಮೇಲೆ ಪುಸ್ತಕದ ಹೆಸರಿನ ಮೊದಲ ಶಬ್ದ ಬೇಕು. ಅದು ಪಟ್ಟಿಯಲ್ಲಿದ್ದ ಹಾಗೆಯೇ ಇರದಿದ್ದರೆ ಕೆಂಪು ಅಕ್ಷರದಲ್ಲಿ, 'ನಿಮ್ಮ ಹುಡುಕಾಟ ತಪ್ಪಾಗಿದೆ.' ಇಷ್ಟೆಲ್ಲ ಫೋನಿನ ತಂತಿಯಲ್ಲಿ ಕುಮಟಾಕ್ಕೆ ಹೋಗಿ ಬರುವಾಗ ಒಬ್ಬೊಬ್ಬರಿಗೆ ಐದು ನಿಮಿಷ.

ಕಾಸರಕೋಡಿನ ದಾಸ ಗಾರೆ ಕೆಲಸದವನು. ಮೊದಲ ಶನಿವಾರ ಆ ಕೆಂಪು ಅಕ್ಷರ ಕಂಡದ್ದೇ ಕುರ್ಚಿಯಿಂದ ಎದ್ದುಬಿಟ್ಟ.

"ಇದು ನಂಗೆ ಬೈತದೆ."

"ನಿಂಗೊಬ್ಬಂಗೆ ಅಲ್ಲ ಮಾರಾಯ, ಎಲ್ಲರಿಗೂ ಬೈತದೆ. ಕೂತ್ಕೊ."

"ದುಡ್ಡು ಕೊಡೂ ಒಡೇರ ಹತ್ರ ಬೈಸ್ಕಂಬೂದು ಸಾಕು. ನೀನೇ ಒತ್ತು. ಬಾವಿ ತೋಡೂದ್ರ ಬಗ್ಗೆ ಎಂತಾರೂ ಇದ್ರೆ ತರ್ಸು."

ಅವನ ಹಿಂದೆ ಆರು ಜನ ನಿಂತಿದ್ದರು. ಗೇರುಸೊಪ್ಪೆಯ ಬಸ್ಸಿಗೆ ಹತ್ತು ನಿಮಿಷವಿತ್ತು. ಬೆಳಿಗ್ಗೆ ಯಂತ್ರವನ್ನು ನೋಡಲೆಂದು ಸಣ್ಣಮ್ಮ ತನ್ನ ನಂಬರನ್ನು ಒತ್ತಿ ಪುಟ ತೆರೆದಿಟ್ಟಿದ್ದಳು. ಈಗ ಮತ್ತೆ ನಂಬರು ಒತ್ತದೆ ಅದರಲ್ಲೇ ದಾಸನ ಬಾವಿ ಹುಡುಕಿದಳು. ವಾಚನಾಲಯದ ಕೆಲಸದವರ ನಂಬರಿಗೆ ಇಷ್ಟೇ ಪುಸ್ತಕ ಎಂಬ ಮಿತಿ ಇರಲಿಲ್ಲ. ಅವನ ಹಿಂದಿನವರದೂ ಆಯಿತು, ಯಾರಿಗೂ ಬಸ್ಸು ತಪ್ಪಲಿಲ್ಲ. ಮುಂದಿನ ಶನಿವಾರವೂ ಹಾಗೆಯೇ. ಅಲ್ಲಿಂದ ಮುಂದೆ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂಡಲಿಲ್ಲ. ಅಪರೂಪಕ್ಕೆ ಕಾರ್ಡು ಹಿಡಿದು ಬರುವ ಮೂರು ಮನೆಯವರದನ್ನು ಮಾತ್ರ ಅವರವರ ನಂಬರಿನಲ್ಲಿ ಒತ್ತುತ್ತಿದ್ದಳು. ಜನ ಮೇಜಿನ ಈಚೆ ನಿಂತು ಹೇಳುವರು, ಅವಳು ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ನಾಲ್ಕು ಬಗೆಯಲ್ಲಿ ಒತ್ತಿ ನೋಡುವಳು. ಸಂಜೆ ಕರ್ಕಿಯ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅಕ್ಷರಗಳು ಓಡುತ್ತಿದ್ದವು.

೨೦೦೫ರ ಫೆಬ್ರವರಿಯ ಒಂದು ಶನಿವಾರ ಟ್ರಸ್ಟಿನ ಕಾಗದ ಬಂತು. ತಂದವಳು ಸುಪ್ರಿಯಾ, ಹುಡುಕುವ ಪುಟವನ್ನು ಮಾಡಿದ ಕುಮಟಾದ ಹುಡುಗಿ. ಅವಳು ಹೊನ್ನಾವರದ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಸಣ್ಣಮ್ಮಕ್ಕ ಅಂದ್ರೆ ನೀವೇನಾ? ಒಂದೂವರೆ ವರ್ಷದಲ್ಲಿ ಒಂಬೈನೂರ ಹನ್ನೆರಡು ಪುಸ್ತಕ ಓದಿದ್ದೀರಿ. ನಿಮ್ಮನ್ನು ನೋಡಬೇಕು ಅಂತಲೇ ಬಂದೆ."

ಕಾಗದದಲ್ಲಿ ಎರಡು ವಿಷಯವಿತ್ತು. ಒಂದು, ಮೂರು ತಾಲೂಕುಗಳ ಅತಿ ಹೆಚ್ಚು ಓದಿದ ಓದುಗರಾದ ಸಣ್ಣಮ್ಮ ನಾಯ್ಕರಿಗೆ ಬರುವ ಗುರುವಾರ ಕುಮಟಾದಲ್ಲಿ ಶಾಲು ಹೊದಿಸಿ ಸನ್ಮಾನ. ಎರಡು, ಹೊನ್ನಾವರದಲ್ಲಿ ಅವರನ್ನು ಬಿಟ್ಟರೆ ಪುಸ್ತಕ ತರಿಸುವವರು ಮೂರೇ ಮನೆಯವರು ಇರುವುದರಿಂದ ಮಾರ್ಚ್‌ನಿಂದ ಸೋಮವಾರದ ಚೀಲವನ್ನು ನಿಲ್ಲಿಸಲಾಗುವುದು.

ಸಣ್ಣಮ್ಮ ಎರಡನೆಯದನ್ನು ಮತ್ತೆ ಓದಿದಳು. "ನಾ ಓದಿದ್ದು ಹತ್ತು ಪುಸ್ತಕ ಇದ್ರೆ ಹೆಚ್ಚು, ತಂಗಿ. ಸಂಜೆ ತನಕ ಇಲ್ಲಿ ಕೂತ್ಕೊ. ಎಂತಾ ಆಗ್ತದೆ ಅಂತ ನಿಂಗೇ ಕಾಣ್ತದೆ."

ಸುಪ್ರಿಯಾ ಮೂಲೆಯ ಸ್ಟೂಲಿನಲ್ಲಿ ಕುಳಿತಳು. ಹನ್ನೊಂದಕ್ಕೆ ಜನ ಬರತೊಡಗಿದರು. ಪೇಟೆಯಲ್ಲಿ ತರಕಾರಿ ಮಾರುವ ಲಕ್ಕಿ ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ಬಂದಳು.

"ಈ ಹುಡುಗಿ ಯಾರೇ? ನಿನ್ನ ಬದ್ಲಿಗೆ ಬಂದದ್ದಾ?"

"ಅಲ್ಲ. ಕಂಪ್ಯೂಟರಿನ ಪುಟ ಮಾಡ್ದೋಳು."

ಲಕ್ಕಿ ಸುಪ್ರಿಯಾಳನ್ನು ಮೇಲಿಂದ ಕೆಳಗೆ ನೋಡಿದಳು. "ನೋಡೂಕೆ ಎಷ್ಟು ಸಮಾಧಾನ ಇದ್ದೆ ಮಗಾ. ಅದ್ಕೆ ಮಾತ್ರ ಎಂತಕೆ ಅಷ್ಟು ಸಿಟ್ಟು ಕಲ್ಸಿದೆ?"

ಸಂಜೆ ಐದಕ್ಕೆ ಸುಪ್ರಿಯಾಳ ಕೈಯ ಕಾಗದದಲ್ಲಿ ಇಪ್ಪತ್ತಮೂರು ಗೀಟುಗಳಿದ್ದವು. ಬಂದವರು ಇಪ್ಪತ್ತಮೂರು, ನಂಬರು ಒಂದು. ಒಬ್ಬರೂ ಪುಸ್ತಕದ ಹೆಸರು ಹೇಳಿರಲಿಲ್ಲ.

"ನಿಮ್ಮದಲ್ಲ ಅಕ್ಕ, ತಪ್ಪು ನನ್ನದು" ಎಂದಳು.

"ಯಾರದ್ದಾದ್ರೂ ಆಗ್ಲಿ. ಚೀಲ ನಿಲ್ಬಾರ್ದು."

ಗುರುವಾರ ಕುಮಟಾದ ಸಭೆಯಲ್ಲಿ ಶಾಲು ಮೇಜಿನ ಮೇಲೆ ಮಡಚಿ ಇತ್ತು. ಟ್ರಸ್ಟಿನ ಅಧ್ಯಕ್ಷರು ಮಾಬ್ಲೇಶ್ವರ ಶಾನಭಾಗರು, ನಿವೃತ್ತ ಹೈಸ್ಕೂಲು ಮಾಸ್ತರರು. ಸಣ್ಣಮ್ಮ ಹೇಳುವುದನ್ನು ಪೂರ್ತಿ ಕೇಳಿದರು. ಆಮೇಲೆ ಅವಳ ನಂಬರಿನ ಪಟ್ಟಿ ತರಿಸಿ ಕನ್ನಡಕ ಏರಿಸಿದರು.

"ಯಾರಿಗೆ ಕೊಟ್ಟಿರಿ ಅಂತ ಬರೆದಿಟ್ಟಿದ್ದೀರಾ?"

"ಇಲ್ಲ. ನೆನಪಿದೆ."

"ಒಂಬೈನೂರು? ಆಗಲಿ, ನೋಡೋಣ. ಬಾವಿ ತೋಡುವ ಬಗ್ಗೆ."

"ಕಾಸರಕೋಡ ದಾಸಂದು. ಅವ್ನ ಬಾವಿ ನೀರು ಉಪ್ಪಾಗಿತ್ತು. ಪುಸ್ತಕ ಓದಿ ಬೇರೆ ಬದಿಗೆ ತೋಡ್ದ. ಅದೂ ಉಪ್ಪೇ ಬಂತು."

ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ಶಾನಭಾಗರು ಬೆರಳು ಕೆಳಗೆ ಜಾರಿಸಿದರು. "ನಕ್ಷತ್ರಗಳ ಬಗ್ಗೆ ಮಕ್ಕಳ ಪುಸ್ತಕ. ನಾಲ್ಕು ಸಲ ತರಿಸಿದ್ದೀರಿ."

"ತರಕಾರಿ ಲಕ್ಕಿದು. ಅದ್ಕೆ ಓದೂಕೆ ಬರೂದಿಲ್ಲ, ಚಿತ್ರ ನೋಡ್ತದೆ. ಎಲ್ಲಾ ಪುಟ ನೋಡಿ ಆತು ಅಂತದೆ, ಮತ್ತೆ ತರ್ಸು ಅಂತದೆ."

ಹೀಗೆ ಮೂವತ್ತು, ನಲವತ್ತು ಆಯಿತು. ಎಲ್ಲಿಯೂ ಅವಳು ತಡವರಿಸಲಿಲ್ಲ. ನಿಂತು ನಿಂತು ಕಾಲು ಜೋಮು ಹಿಡಿದಿತ್ತು. ಕೂರಿ ಎಂದು ಹೇಳಲು ಯಾರಿಗೂ ಹೊಳೆಯಲಿಲ್ಲ. ಸುಪ್ರಿಯಾ ಪಟ್ಟಿಯ ಬದಿಯಲ್ಲಿ ಹೆಸರುಗಳನ್ನು ಬರೆಯುತ್ತಿದ್ದಳು.

"ಕಾಯಿದೆಯದು ಒಂದಿದೆ. ವಿಚ್ಛೇದನ, ಜೀವನಾಂಶ."

ಸಣ್ಣಮ್ಮ ಕಾಲು ಬದಲಿಸಿ ನಿಂತಳು.

"ಮರೆತುಹೋಯಿತೋ?"

"ಮರೀಲಿಲ್ಲ. ಹೇಳೂದಿಲ್ಲ."

"ಹೆಸರು ಹೇಳದಿದ್ದರೆ ಓದುಗರು ಇದ್ದಾರೆ ಅಂತ ನಾವು ಹೇಗೆ ನಂಬೋದು?"

"ನಂಬೂದು ಬಿಡೂದು ನಿಮ್ಗೆ ಬಿಟ್ಟದ್ದು. ಅದು ಆ ಮನೆ ನಂಬ್ರದಲ್ಲಿ ಬಂದಿದ್ರೆ, ಮುಂದಿನ ಸಲ ಅವ್ರ ಮನೆಯೋರು ಯಾರಾರೂ ನಂಬ್ರ ಒತ್ತಿದ ಕೂಡ್ಲೆ ಮೇಲೇ ಕಾಣ್ತಿತ್ತು."

ಸುಪ್ರಿಯಾಳ ಪೆನ್ನು ನಿಂತಿತು. ಹಿಂದೆ ಪಡೆದ ಪುಸ್ತಕಗಳನ್ನು ತೋರಿಸುವುದನ್ನು ಅವಳು ಓದುಗರಿಗೆ ಅನುಕೂಲವೆಂದೇ ಇಟ್ಟಿದ್ದಳು. ಅದನ್ನು ತೆಗೆಯುತ್ತೇನೆ, ನಂಬರನ್ನು ಕೊನೆಯಲ್ಲಿ ಕೇಳುವ ಹಾಗೆ ಮಾಡುತ್ತೇನೆ, ವಿಷಯ ಹೇಳಿದರೂ ಸಿಗುವಂತೆ ಮಾಡುತ್ತೇನೆ ಎಂದು ಸಭೆಗೆ ಹೇಳಿದಳು. ಎರಡು ತಿಂಗಳು ಬೇಕು ಎಂದಳು.

ಶಾನಭಾಗರು ಕನ್ನಡಕ ತೆಗೆದರು. "ಮೇ ತನಕ ಚೀಲ ಬರಲಿ. ಅಷ್ಟರಲ್ಲಿ ಎಲ್ಲರೂ ಅವರವರ ನಂಬರಿನಲ್ಲೇ ತರಿಸಬೇಕು. ಸಣ್ಣಮ್ಮ, ನಿಮ್ಮ ನಂಬರಿನಲ್ಲಿ ಇನ್ನು ಬೇರೆಯವರ ಒಂದು ಪುಸ್ತಕ ಬಂದರೂ ನಾನು ಸಭೆಗೆ ಉತ್ತರ ಹೇಳಲಾರೆ. ಚೀಲ ನಿಲ್ಲುತ್ತದೆ." ಶಾಲನ್ನು ಯಾರೋ ಒಳಗೆ ತೆಗೆದುಕೊಂಡು ಹೋದರು.

ಮುಂದಿನ ಶನಿವಾರ ಅವಳು ಒಬ್ಬೊಬ್ಬರ ನಂಬರು ಕೇಳಿದಳು. ದಾಸ ಕಾರ್ಡು ತಂದಿರಲಿಲ್ಲ. ಲಕ್ಕಿ ತನ್ನ ಸೊಸೆಯ ತವರಿನ ಕಾರ್ಡು ತಂದಿದ್ದಳು. ಹಳೆಯ ರಿಜಿಸ್ಟರು ತೆಗೆದು, ಮನೆಯ ಯಜಮಾನರ ಹೆಸರು ಹಿಡಿದು ನಂಬರು ಹುಡುಕಿ, ಒತ್ತಿ, ಕಾದು, ಮುಚ್ಚಿ, ಮತ್ತೆ ತೆರೆದು ಒತ್ತುವಾಗ ಮೂರು ಬಸ್ಸುಗಳು ಹೋದವು. ಒಂಬತ್ತು ಜನ ಸಾಲಿನಿಂದಲೇ ಹಿಂದೆ ಹೋದರು. "ನಿಂಗೆ ಎಂತಾ ಆತೇ, ಮೊದ್ಲು ಚೆಂದ ಇದ್ದಿದ್ದೆ" ಎಂದು ಲಕ್ಕಿ ಬೈದಳು. ಸಣ್ಣಮ್ಮ ಮುಂದಿನವರ ನಂಬರು ಕೇಳಿದಳು. ಸಂಜೆಗೆ ಹದಿನಾಲ್ಕು ಮನೆಗಳ ನಂಬರಿನಲ್ಲಿ ಹದಿನಾಲ್ಕು ಪುಸ್ತಕಗಳಾಗಿದ್ದವು.

ಬಾಗಿಲು ಹಾಕುವ ಹೊತ್ತಿಗೆ ಭಾರತಿ ಬಂದಳು. ಮೀನುಪೇಟೆಯ ಹತ್ತಿರ ರವಿಕೆ ಹೊಲಿಯುವವಳು. ಸಾಲು ಕರಗುವ ತನಕ ಕೆಳಗೇ ನಿಂತಿದ್ದಳೆಂದು ಅವಳ ಸೆರಗಿನ ಧೂಳು ಹೇಳುತ್ತಿತ್ತು.

"ಆ ಕಾಯಿದೆ ಪುಸ್ತಕ ಮತ್ತೊಂದ್ಸಲ ಬೇಕಿತ್ತು ಅಕ್ಕ. ವಕೀಲ್ರು ಎಂತದೋ ಕಲಮು ಹೇಳಿದ್ರು, ನಂಗೆ ತಿಳೀಲಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಈಗ ನಂಬ್ರ ಹಾಕ್ಲೇಬೇಕಂತಲ. ನಮ್ಮ ಮೈದುನ ಪರೀಕ್ಷೆ ಪುಸ್ತಕಕ್ಕೆ ಇನ್ನು ವಾರವಾರ ಅದೇ ನಂಬ್ರ ಹಿಡ್ಕಂಡು ಬತ್ತ."

ಸಣ್ಣಮ್ಮ ಪರದೆಯನ್ನು ನೋಡಿದಳು. ಖಾಲಿ ಚೌಕ ಅಂಕೆಗಳಿಗಾಗಿ ಕಾಯುತ್ತಿತ್ತು. ಇಲ್ಲ ಎಂದು ಹೇಳಿ ಕಳಿಸುವುದು ಅವಳಿಗೆ ಹೊಸದೇನಲ್ಲ. ಕಂಪ್ಯೂಟರು ಬರುವ ಮೊದಲು ಹದಿನಾರು ವರ್ಷ ಹೇಳಿದ ಮಾತು ಅದು. ಬಾಯಿ ತೆರೆದಳು. ಭಾರತಿ ಆಗಲೇ ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದಳು.

"ನಿಲ್ಲು" ಎಂದು ಹೇಳಿ ಸಣ್ಣಮ್ಮ ತನ್ನ ನಂಬರನ್ನು ಒತ್ತಿದಳು.

ಸೋಮವಾರ ಚೀಲ ಬರುವ ಮೊದಲೇ ಕುಮಟಾದಿಂದ ಸುಪ್ರಿಯಾಳ ಫೋನು ಬಂತು. "ಅಕ್ಕ, ನಿಮ್ಮ ನಂಬರಿನಲ್ಲಿ ಒಂದಿದೆ. ಶಾನಭಾಗರು ಕೇಳಿದರೆ ಏನು ಹೇಳಲಿ?"

"ಬೇರೆಯೋರ ಪುಸ್ತಕ ಬರ್ಬಾರ್ದು ಅಂದ್ರು. ಇದು ನಾ ಓದೂಕೆ ಅಂತ ತರ್ಸಿದ್ದು. ಹಾಂಗೇ ಹೇಳು."

"ಆಯ್ತು ಅಕ್ಕ" ಎಂದಳು ಸುಪ್ರಿಯಾ.

ಮಧ್ಯಾಹ್ನ ಚೀಲ ಬಿಚ್ಚಿ, ಹದಿನಾಲ್ಕು ಪುಸ್ತಕಗಳನ್ನು ಬದಿಗಿಟ್ಟು, ಸಣ್ಣಮ್ಮ ಹದಿನೈದನೆಯದನ್ನು ಹಿಡಿದು ಕಿಟಕಿಯ ಹತ್ತಿರ ಕುಳಿತಳು. ಓದುತ್ತೇನೆಂದು ಹೇಳಿಯಾಗಿತ್ತು, ಓದಲೇಬೇಕು. ಅಕ್ಷರ ಸಣ್ಣವು, ವಾಕ್ಯಗಳು ಉದ್ದ. ಒಂದು ಪುಟವನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. ಕಣ್ಣುಜ್ಜಿಕೊಂಡು ಮುಂದಕ್ಕೆ ಹೋದಳು. ಹನ್ನೊಂದನೆಯ ಪುಟದಲ್ಲಿದ್ದಾಗ ಭಾರತಿ ಮೆಟ್ಟಿಲು ಹತ್ತಿ ಬಂದಳು. ಸಣ್ಣಮ್ಮ ಸ್ಟೂಲನ್ನು ಹತ್ತಿರ ಎಳೆದು, ಪುಸ್ತಕವನ್ನು ಇಬ್ಬರಿಗೂ ಕಾಣುವಂತೆ ಹಿಡಿದಳು.